ಅಪ್ಪಾರ ಯೆಜ್ಡಿ, ಹಿಂದ ಗೋಳಗುಮ್ಮಟ: ಎಡಿಟ್ ಹೆಂಗಾಗೇದ ನೋಡಿ ಹೇಳ್ರಿ

ರೋಡ್‌ಕಿಂಗ್ ವಿಜಾಪುರ
ನಮಸ್ಕಾರ್ರೀ ಎಲ್ಲಾರಿಗೂ. ನಮ್ಮ ಅಪ್ಪಾರದು 1986ರ ಯೆಜ್ಡಿ ರೋಡ್‌ಕಿಂಗ್ ಬೈಕ್ ಅದ, ನಾಕ್ ವರ್ಷ ಹಿತ್ತಲದಾಗ ತಾಡಪತ್ರಿ ಹೊಚ್ಚಿ ನಿಲ್ಲಿಸಿದ್ದು, ಈ ದೀಪಾವಳಿಗೆ ಹೊಳ್ಳಿ ಚಾಲೂ ಮಾಡ್ಸೀನಿ. ಹೋದ ಐತವಾರ ಮುಂಜಾನೆ ಏಳರ ಸುಮಾರಿಗೆ ಗೋಳಗುಮ್ಮಟದ ಎದುರಿನ ರಸ್ತಾದಾಗ ನಿಲ್ಲಿಸಿ ಫೋನಿನ್ಯಾಗ ಹೊಡದೆ. ಆಕಾಶ ಸಪ್ಪಗ ಬೆಳ್ಳಗ ಬಂದಿತ್ತು, ಅದಕ್ಕ ಆಪ್‌ನ್ಯಾಗ ಬ್ಯಾರೆ ಆಕಾಶ ಕೂಡ್ಸಿದೆ, ಗುಮ್ಮಟದ ಬೆನ್ನಿಗೆ ಕೆಂಪಗ ಹೊತ್ತು ಮುಳುಗೂದು. ಲೈಟಿನ ಕಂಬ ವಾಯರ್ ಎಲ್ಲಾ ತಗದೀನಿ, ಟ್ಯಾಂಕಿಗಿದ್ದ ತೆಗ್ಗು ತಗದೀನಿ, ಗುಮ್ಮಟ ಹಿಂದಕ್ಕ ವಾಲಿದಂಗ ಕಾಣ್ತಿತ್ತು ಅದನ್ನೂ ನೆಟ್ಟಗ ಮಾಡೀನಿ. ಫ್ರೇಮ್ ಹಾಕ್ಸಿ ಅಪ್ಪಾರ ಹುಟ್ಟಿದ ದಿನಕ್ಕ ಕೊಡೂದದ. ಖರೇ ಹೇಳ್ರಿ, ಬ್ಯಾಸರ ಮಾಡ್ಕೊಳ್ಳಂಗಿಲ್ಲ.

ಮಿರ್ಚಿ ಭಜಿ
ಏನ್ ಹೊಡದೀಪಾ ದೋಸ್ತ, ಕ್ಯಾಲೆಂಡರ್ ಇದ್ದಂಗದ. ಸ್ಟೇಟಸ್ ಇಡ್ಲಾ?

ಸುಮ್ನ ನೋಡಾಂವ
ಗುಮ್ಮಟದ ಬಾಗಲಾ ದಕ್ಷಿಣಕ್ಕ ಅದ. ಮುಂದಿನ ನಗಾರ ಖಾನೆನೂ ದಕ್ಷಿಣಕ್ಕನ ಅದ, ಮ್ಯೂಜಿಯಂ ಮಾಡ್ಯಾರಲ್ಲ ಅದು. ನೀ ಅದರ ಎದುರು ನಿಂತು ಹೊಡದಿ ಅಂದ್ರ ನಿನ್ನ ಫೋನ್ ಉತ್ತರಕ್ಕ ಮಾರಿ ಮಾಡೇದ. ವಿಜಾಪುರದಾಗ ಯಾವಾಗಿಂದ ಉತ್ತರಕ್ಕ ಹೊತ್ತು ಮುಳುಗ್ಲಾಕತ್ತದಪಾ?

ಮಿರ್ಚಿ ಭಜಿ
ಸ್ಟೇಟಸ್ ತಗದೆ.

ರೋಡ್‌ಕಿಂಗ್ ವಿಜಾಪುರ
ಅಯ್ಯಯ್ಯೋ ಇದು ತಲ್ಯಾಗ ಬರ್ಲೇ ಇಲ್ಲ ನೋಡ್ರಿ. ಹುಟ್ಟಿ ಬೆಳದದ್ದು ಇದ ಊರಾಗ. ಆಪ್‌ನ್ಯಾಗ ಸಾಲಾಗಿ ಆಕಾಶ ಇಟ್ಟಿದ್ರು, ಚಂದ ಕಂಡಿದ್ದಕ್ಕ ಬೊಟ್ಟ ಒತ್ತಿದೆ, ಅಷ್ಟ.

ಅಂಬಾಸಿಡರ್ ಬೆಳಗಾಂವಿ
ಇರ್ಲಿ ಬಿಡ್ರಿ, ಇದರಾಗೇನ್ ಅಂಥಾ ತಪ್ಪೈತಿ. ಮದವಿ ಆಲ್ಬಮಿನ್ಯಾಗ ಮದುಮಕ್ಕಳ ಹಿಂದ ಹಿಮದ ಗುಡ್ಡ ನಿಲ್ಲಸ್ತಾರ, ಅದನ್ನ ನೋಡಿ ಯಾರರ ದಿಕ್ಕು ಕೇಳ್ತಾರೇನು? ಮನ್ಯಾಗ ಗ್ವಾಡಿಗೆ ಹಾಕೂ ಫೋಟೋ, ಚಂದ ಕಂಡ್ರ ಸಾಕು. ನಾ ನನ್ನ ಅಂಬಾಸಿಡರ್ ಫೋಟೋ ಎಲ್ಲಾಕೂ ಮೋಡ ಹಾಕ್ತೀನಿ, ನಮ್ಮ ಬೆಳಗಾಂವ್ಯಾಗ ಮೋಡಕ್ಕ ಬರ ಇಲ್ಲ ಆದ್ರ ಬೇಕಾದಾಗ ಬರಂಗಿಲ್ಲ ಅವು.

ಮುಳುಗಡಿ ಸ್ಟುಡಿಯೊ
ಬಾಗಲಕೋಟಿಂದ ಬರಿಯಾಕತ್ತೀನಿ, 40 ವರ್ಷ ಸ್ಟುಡಿಯೊ ನಡಸೀನಿ. ತಮ್ಮಾ, ದಿಕ್ಕಿನ ಮಾತು ಒತ್ತಟ್ಟಿಗಿಡು, ಊರು ಗೊತ್ತಿಲ್ಲದಾಂವ ನೋಡಿದ್ರೂ ಕಣ್ಣಿಗೆ ಏನೋ ಕುಟಕ್ತೈತಿ ಈ ಫೋಟೋದಾಗ. ಗಾಡಿ ನೆರಳು ನೋಡು. ಚಳಿಗಾಲದ ಮುಂಜಾನೆ ಬಿಸಲಾ, ನಿನ್ನ ಬಲಗಡೆ ಹಿಂದಿಂದ ಬಂದೈತಿ, ನೆರಳು ಎಡಕ್ಕ ಗುಮ್ಮಟದ ಕಡೆ ಬಿದ್ದೈತಿ. ಹೊತ್ತು ಗುಮ್ಮಟದ ಹಿಂದಿದ್ರ ನೆರಳು ನಿನ್ನ ಕಾಲಬುಡಕ್ಕ ಬರಬೇಕಿತ್ತು. ಮತ್ತ ಹೆಡ್‌ಲೈಟಿನ ರಿಂಗಿನ್ಯಾಗ ಝೂಮ್ ಮಾಡಿ ನೋಡು, ಅಲ್ಲಿ ಇನ್ನೂ ಬೆಳ್ಳನ ಆಕಾಶ ಕುಂತೈತಿ. ಆಕಾಶ ಬದಲಿ ಮಾಡಿದಿ, ಕ್ರೋಮಿಗೆ ಹೇಳೂದ್ ಮರತಿ.

ರೋಡ್‌ಕಿಂಗ್ ವಿಜಾಪುರ
ಕಾಕಾ ಅದು ಖರೇ ಅದರೀ. ಝೂಮ್ ಮಾಡಿದೆ, ಆಕಾಶ ಅಷ್ಟ ಅಲ್ಲ, ನಾನೂ ಅದೀನಿ ಅದರಾಗ, ಕೆಂಪ್ ಟೀಶರ್ಟ್ ಹಾಕ್ಕೊಂಡು ಎರಡೂ ಕೈಲೆ ಫೋನ್ ಹಿಡ್ಕೊಂಡು ನಿಂತೀನಿ.

ಅಂಬಾಸಿಡರ್ ಬೆಳಗಾಂವಿ
ಕ್ರೋಮ್ ಅಂದ್ರ ಕನ್ನಡಿ ನೋಡ್ರಿ, ಈ ಒಂದು ವಿಷಯದಾಗ ನಾ ಭಾಳ ಅನುಭವಿಸೀನಿ. ನಾ ಪೋಲರೈಸರ್ ಫಿಲ್ಟರ್ ತರಿಸಿ ಬಂಪರಿನ ಹೊಳಪು ಹೋಗ್ತೈತಿ ಅಂತ ತಿರುವಿದ್ದ ತಿರುವಿದ್ದು, ಏನೂ ಆಗ್ಲಿಲ್ಲ. ಆಮ್ಯಾಲ ಗೊತ್ತಾತು, ಅದು ಮುಂದಿನ ಗಾಜಿನ ಮ್ಯಾಲಿಂದು, ಬಣ್ಣದ ಮ್ಯಾಲಿಂದು, ನೀರಿನ ಮ್ಯಾಲಿಂದು ಪ್ರತಿಬಿಂಬ ಕಡಿಮಿ ಮಾಡ್ತೈತಿ, ಬರೇ ಲೋಹದ ಮ್ಯಾಲೆ ಅದರ ಆಟ ನಡ್ಯಂಗಿಲ್ಲ. ಕ್ರೋಮಿಗೆ ಮದ್ದು ಅಂದ್ರ ಅದರ ಎದುರಿಗೆ ಚಂದಂದೇನರ ನಿಲ್ಲಸೂದು. ನಮ್ಮ ಮಾವನ ಬಿಳೀ ಧೋತರ ಇಬ್ಬರ ಕೈಯಾಗ ಬಿಚ್ಚಿ ಹಿಡಸೀನಿ ನಾ, ಗ್ರಿಲ್ ಮ್ಯಾಲೆ ಈ ಕಡಿಂದ ಆ ಕಡಿಗೆ ಒಂದ ಬೆಳ್ಳನ ಗೆರಿ ಬರ್ತೈತಿ, ಹೊಸಾದು ಶೋರೂಮಿಂದ ಈಗ ಇಳಿಸಿದಂಗ. ನೀವು ಕರೀ ಅಂಗಿ ಹಾಕ್ಕೊಂಡು ಹೋಗ್ರಿ, ಕೆಂಪ್ ಬ್ಯಾಡ.

ರೋಜಾ ಜಾಲಂದ್ರ
ಗುಮ್ಮಟ ಯಾಕ ಕೋಳಿ ತತ್ತಿ ಆಗೇದ ಅಂತ ಯಾರೂ ಕೇಳ್ಲಿಲ್ಲಲ್ಲ! ಅರ್ಧಗೋಳ ಇದ್ದದ್ದು ಮ್ಯಾಲಕ್ಕ ಎಳದಂಗ ಆಗೇದ.

ರೋಡ್‌ಕಿಂಗ್ ವಿಜಾಪುರ
ಅಕ್ಕಾ ಅದು ನೆಟ್ಟಗ ಮಾಡಿದ್ದಕ್ಕ ಆಗಿರಬೇಕು. ಮೂಲ ಫೋಟೋದಾಗ ನಾಕೂ ಮೂಲಿ ಮಿನಾರ ಒಳಗ ಬಗ್ಗಿದ್ವು, ಎಡಿಟಿಂಗಿನ್ಯಾಗ ಪರ್ಸ್ಪೆಕ್ಟಿವ್ ಸ್ಲೈಡರ್ ಪೂರ್ತಿ ತುದೀತನಾ ಎಳದೆ.

ರೋಜಾ ಜಾಲಂದ್ರ
ಹಂಗಿದ್ರ ಆಗೂದ ಅದು. ಫೋನ್ ಮ್ಯಾಲಕ್ಕ ಎತ್ತಿ ಹೊಡದಾಗ ಮ್ಯಾಲಿನ ಭಾಗ ನಮ್ಮಿಂದ ದೂರ ಇರ್ತದ, ಅದಕ್ಕ ಸಣ್ಣದಾಗಿ ಒಳಗ ಬಗ್ಗತದ. ಸಾಫ್ಟ್‌ವೇರ್ ಏನ್ ಮಾಡ್ತದ ಅಂದ್ರ ಆ ಸಣ್ಣ ಆಗಿದ್ದನ್ನ ರೊಟ್ಟಿ ಬಡದಂಗ ಬಡದು ಅಗಲ ಮಾಡ್ತದ, ಅಗಲದ ಸಂಗಟ ಉದ್ದನೂ ಎಳೀತದ, ಗೋಡಿ ನೆಟ್ಟಗ ಆದ್ರೂ ಗುಮ್ಮಟ ಕೆಡ್ತದ. ಪೂರ್ತಿ ಎಳೀಬ್ಯಾಡ್ರಿ, ಮುಕ್ಕಾಲಕ್ಕ ಬಿಡ್ರಿ. ದೊಡ್ಡ ಕಟ್ಟಡ ನೋಡುವಾಗ ಕಣ್ಣಿಗೂ ಒಂದೀಟು ಬಗ್ಗಿದ್ದು ರೂಢಿ ಇರ್ತದ, ಪೂರಾ ನೆಟ್ಟಗಾದ್ರ ಮ್ಯಾಲೆ ತಲಿ ಭಾರ ಆದಂಗ ಕಾಣ್ತದ. ಡಾರ್ಕ್‌ಟೇಬಲ್, ಗಿಂಪ್ ಎರಡರಾಗೂ ಈ ಟೂಲ್ ಅದ, ಪುಕ್ಕಟೆ.

ಆದ್ರ ಖರೇ ಇಲಾಜು ಎಡಿಟಿಂಗಿನ್ಯಾಗ ಇಲ್ಲ, ನಿಮ್ಮ ಕಾಲಾಗದ. ಹಿಂದ ಸರೀರಿ. ಲೆಕ್ಕಾ ಹಾಕಿ ತೋರಸ್ತೀನಿ ನೋಡ್ರಿ. ಗುಮ್ಮಟದ ಹೊರಗಿನ ಅಗಲ ಸುಮಾರು 44 ಮೀಟರ್, ಗಾಡಿ ಉದ್ದ 2 ಮೀಟರ್ ಹಿಡೀರಿ. ನೀವು ಗಾಡಿಯಿಂದ 3 ಮೀಟರ್, ಗುಮ್ಮಟದಿಂದ 300 ಮೀಟರ್ ನಿಂತೀರಿ ಅಂದ್ಕೊಳ್ರಿ. ಗಾಡಿ 3ಕ್ಕ 2, ಗುಮ್ಮಟ 300ಕ್ಕ 44, ಅಂದ್ರ ಫೋಟೋದಾಗ ಗಾಡಿ ಗುಮ್ಮಟಕ್ಕಿಂತ ನಾಕೂವರಿ ಪಟ್ಟು ದೊಡ್ಡದು, ಗುಮ್ಮಟ ಹಿಂದ ಒಂದ್ ಗಡಿಗಿ ಬೋರಲಾಕಿದಂಗ ಕುಂದರ್ತದ. ಅದ ಗಾಡಿ ಅಲ್ಲೇ ಬಿಟ್ಟು ನೀವು ಅಷ್ಟ 20 ಮೀಟರ್ ದೂರಕ್ಕ ಹೋಗ್ರಿ, ಈಗ ಗಾಡಿ 20ಕ್ಕ 2, ಗುಮ್ಮಟ 317ಕ್ಕ 44, ಗಾಡಿಗಿಂತ ಗುಮ್ಮಟನ ದೊಡ್ಡದಾತು! ಗುಮ್ಮಟ ಇದ್ದಲ್ಲೇ ಅದ, ನೀವು 17 ಮೀಟರ್ ನಡದ್ರಿ ಅಷ್ಟ. ಅಲ್ಲಿಂದ 3ಎಕ್ಸ್ ಝೂಮ್ ಹಾಕಿ ಹೊಡೀರಿ, ಫೋನ್ ಮ್ಯಾಲೆತ್ತೂದೂ ಬೇಕಾಗಂಗಿಲ್ಲ, ಮಿನಾರ ತಾವ ನೆಟ್ಟಗ ನಿಂದರ್ತಾವ.

ಅಂಬಾಸಿಡರ್ ಬೆಳಗಾಂವಿ
ಇದು ಗಾಡಿಗೂ ಚಲೋರೀ. ಸನೇಕ ಹೋಗಿ ಫೋನಿನ ಅಗಲ ಲೆನ್ಸಿನ್ಯಾಗ ಹೊಡದ್ರ ಮುಂದಿನ ಗಾಲಿ ಟ್ರ್ಯಾಕ್ಟರಿಂದು, ಹಿಂದಿನ ಗಾಲಿ ಸೈಕಲಿಂದು ಅನಸ್ತೈತಿ. ನಿಂತು ಹೊಡೀಬ್ಯಾಡ್ರಿ, ಕುಕ್ಕರಗಾಲಿಲೆ ಕುಂತು ಹೆಡ್‌ಲೈಟಿನ ಎತ್ತರಕ್ಕ ಕ್ಯಾಮೆರಾ ಹಿಡೀರಿ.

ಸುಮ್ನ ನೋಡಾಂವ
20 ಮೀಟರ್ ಹಿಂದ ಸರದ್ರ ನಡುವ ಟಾಂಗಾ ಬರ್ತಾವ.

ರೋಜಾ ಜಾಲಂದ್ರ
ಬರ್ಲಿ. ವಿಜಾಪುರದ ಫೋಟೋದಾಗ ಟಾಂಗಾ ಇರಬಾರ್ದು ಅಂದ್ರ ಹೆಂಗ?

ರೋಡ್‌ಕಿಂಗ್ ವಿಜಾಪುರ
ಒಂದ್ ಮಾತ್ ಹೇಳಬೇಕ್ರಿ. ತಡ್ಕೊಳ್ಳಲಾರ್ದ ನಿನ್ನೆ ರಾತ್ರಿ ಫೋಟೋ ಅಪ್ಪಾರಿಗೆ ತೋರ್ಸಿಬಿಟ್ಟೆ. ಚಾಳೀಸ್ ಹಾಕ್ಕೊಂಡು ಭಾಳ ಹೊತ್ತು ನೋಡಿದ್ರು, "ಗಾಡಿ ಚಲೋ ಅದ, ಯಾರ್ದು" ಅಂದ್ರು. ನಮ್ಮದಪ್ಪಾ ಅಂದೆ. "ನಮ್ಮದಾದ್ರ ಟ್ಯಾಂಕಿನ ತೆಗ್ಗು ಎಲ್ಲಿ?" ಅಂದ್ರು. ಆ ತೆಗ್ಗು ಹೆಂಗ ಬಿತ್ತು ಅಂದ್ರ, ಅವ್ವಗ ಹೊಲಿಗಿ ಮಷೀನ್ ಹಿಂದ ಕಟ್ಕೊಂಡು ಇಂಡಿ ಊರಿಂದ ಬರುವಾಗ ಕಬ್ಬಿನ ಬಂಡಿ ನೊಗ ಬಡದದ್ದು, ಮಷೀನಿಗೆ ಏನೂ ಆಗ್ಲಿಲ್ಲ ಅಂತ ಇವತ್ತಿಗೂ ಹೇಳ್ತಾರ. ನಾ ಎರಡ್ ಸೆಕೆಂಡಿನ್ಯಾಗ ಬೊಟ್ಟಲೆ ಒರಸಿಬಿಟ್ಟಿದ್ದೆ. ಅವ್ವ ಒಳಗಿಂದ "ಆ ತೆಗ್ಗಿನ ಸಲುವಾಗಿ ಎರಡ್ ದಿನ ಉಂಡಿದ್ದಿಲ್ಲ ನಿಮ್ಮಪ್ಪ" ಅಂತ ನಗ್ಲಾಕತ್ತಿದ್ಲು.

ಮುಳುಗಡಿ ಸ್ಟುಡಿಯೊ
ತೆಗ್ಗು ಹೊಳ್ಳಿ ತಗೊಂಬಾ ತಮ್ಮಾ.

ಅಂಬಾಸಿಡರ್ ಸರ ಚಂದ ಕಂಡ್ರ ಸಾಕು ಅಂದ್ರಲ್ಲ, ನಾನೂ ಹಂಗ ಅಂತಿದ್ದೆ. ನಮ್ಮ ಕಾಲಕ್ಕ ಕಂಪ್ಯೂಟರ್ ಇರ್ಲಿಲ್ಲ, ನೆಗೆಟಿವ್ ಮ್ಯಾಲೆ ಚೂಪು ಪೆನ್ಸಿಲ್‌ಲೆ ಟಚಿಂಗ್ ಮಾಡ್ತಿದ್ವಿ, ಮಾರಿ ಮ್ಯಾಲಿನ ಮೈಲಿ ಕಲಿ ಮುಚ್ಚೂದು, ಪ್ರಿಂಟ್ ಮ್ಯಾಲೆ ಸಣ್ಣ ಬ್ರಶ್‌ಲೆ ಚುಕ್ಕಿ ತುಂಬೂದು. ಅದು ಕಸಬು, ಅದಕ್ಕ ನಾ ನಾಚಂಗಿಲ್ಲ. ಆದ್ರ ಹಳೇ ಬಾಗಲಕೋಟಿ ಮುಳುಗಡಿ ಆಗೂ ಮೊದಲ ನಾ ಪ್ಯಾಟ್ಯಾಗಿನ ಓಣಿ, ವಾಡೆ, ಕಟಗಿ ಬಾಗಲಾ ಎಲ್ಲಾ ಹೊಡದಿಟ್ಟಿದ್ದೆ. ದೊಡ್ಡ ಪ್ರಿಂಟ್ ಮಾಡುವಾಗ ಅಂಗಡಿ ಬೋರ್ಡು, ವಾಯರು, ಗ್ವಾಡಿ ಮ್ಯಾಲಿನ ಚೀಟಿ ಕಣ್ಣಿಗೆ ಅಡ್ಡ ಬರ್ತಾವ ಅಂತ ಬ್ರಶ್ ಹಚ್ಚಿ ಮುಚ್ಚಿದೆ, ಬರೇ ವಾಡೆ ಕಂಡ್ರ ಚಂದ ಅಂತ. ಆಲಮಟ್ಟಿ ಹಿನ್ನೀರು ಬಂತು, ಮಂದಿ ನವನಗರಕ್ಕ ಹೋದ್ರು. ಈಗ ಆ ಮಂದಿ ಬಂದು ಪ್ರಿಂಟ್ ನೋಡಿ ಏನ್ ಕೇಳ್ತಾರ ಗೊತ್ತೈತಿ? ವಾಡೆ ಬಗ್ಗೆ ಯಾರೂ ಕೇಳಂಗಿಲ್ಲ. "ಇಲ್ಲಿ ನಮ್ಮ ಅಜ್ಜನ ಅಂಗಡಿ ಬೋರ್ಡ್ ಇತ್ತಲ್ಲ, ಎಲ್ಲೈತಿ" ಅಂತಾರ. ಕೆಲವು ನೆಗೆಟಿವ್ ಅದಾವ, ಕೆಲವು ಬೂಸ್ಟು ಹತ್ತಿ ಹೋದ್ವು. ಹೋದ್ವುಗಳ ಪೈಕಿ ಉಳದದ್ದು ನಾ ಚಂದ ಮಾಡಿದ ಪ್ರಿಂಟ್ ಒಂದ.

ಅಂಬಾಸಿಡರ್ ಬೆಳಗಾಂವಿ
ಕಾಕಾ ನೀವು ಹಿಂಗ್ ಹೇಳಿದ್ರ ನಾ ಏನ್ ಮಾತಾಡ್ಲಿ. ಆದ್ರೂ ಒಂದ್ ಕೇಳ್ತೀನಿ, ಗುಮ್ಮಟದ ಮುಂದಿನ ವಾಯರ್ ತಗದ್ರ ಯಾರಿಗೆ ಏನ್ ನಷ್ಟ ಐತಿ? ಗುಮ್ಮಟ ಮುಳುಗೂದಿಲ್ಲಲ್ಲ.

ಮುಳುಗಡಿ ಸ್ಟುಡಿಯೊ
ತಗೀಬ್ಯಾಡ ಅನ್ನಂಗಿಲ್ಲ. ಮೂಲ ಫೈಲ್ ಅಳಿಸಬ್ಯಾಡ, ಎಡಿಟ್ ಮಾಡಿದ್ದನ್ನ ಬ್ಯಾರೆ ಹೆಸರಿಲೆ ಇಡು ಅಂತೀನಿ. ನಾ ಮಾಡಿದ ತಪ್ಪು ಅದ ಒಂದ, ಮೂಲ ಕಾಯ್ಲಿಲ್ಲ.

ರೋಜಾ ಜಾಲಂದ್ರ
ವಾಯರ್ ಬಗ್ಗೆ ನಂದೂ ತಕರಾರಿಲ್ಲ, ಆದ್ರ ವಾಯರಿನ ಹಿಂದ ಏನದ ಅನ್ನೂದು ನೋಡ್ಕೋಬೇಕು. ಹಿಂದ ಬರೇ ಆಕಾಶ ಇದ್ರ ತಗೀರಿ. ಕೆತ್ತಿದ ಕಲ್ಲಿದ್ರ ಕೈ ಹಚ್ಚಬ್ಯಾಡ್ರಿ. ನನ್ನ ಹೆಸರು ಯಾಕ ಹಿಂಗಿಟ್ಕೊಂಡೀನಿ ಅಂದ್ರ, ನಮ್ಮ ವಿಜಾಪುರದ ಇಬ್ರಾಹಿಂ ರೋಜಾ ಅನ್ನೂ ಗೋರಿಯಾಗ ಕಲ್ಲಿನ ಕಿಡಕಿ ಜಾಲಂದ್ರ ಅದಾವಲ್ಲ, ನನಗ ಅವುಗಳ ಹುಚ್ಚು. ಹೋದ ವರ್ಷ ಒಂದ್ ಜಾಲಂದ್ರದ ಫೋಟೋದಾಗ ಮೂಲ್ಯಾಗ ಯಾರ್ದೋ ಭುಜ ಬಂದಿತ್ತು, ಎಐ ಟೂಲಿಲೆ ತಗದೆ, ಎಷ್ಟ್ ನಾಜೂಕ್ ತುಂಬ್ತು ಅಂದ್ರ ಜೋಡಿಸಿದ್ದ ಗೊತ್ತಾಗಲಿಲ್ಲ. ಹೆಮ್ಮಿಲೆ ನಮ್ಮ ಮನಿ ಹಿಂದಿನ ಓಣ್ಯಾಗಿನ ಅಜ್ಜಾರಿಗೆ ತೋರ್ಸಿದೆ, ಅವರಿಗೆ ಅರಬ್ಬಿ ಓದಾಕ ಬರ್ತದ. ಬಲಗಡಿಂದ ಬೊಟ್ಟ ಇಟ್ಟು ಓದ್ಕೋತ ಬಂದ್ರು, ನನ್ನ ಎಐ ತುಂಬಿದ ಜಾಗಕ್ಕ ಬಂದು ನಿಂತ್ರು. "ಇಲ್ಲಿ ಏನೂ ಇಲ್ಲಲ್ಲವ್ವಾ" ಅಂದ್ರು. ಅಲ್ಲಿ ತನಾ ನನ್ನ ಲೆಕ್ಕದಾಗ ಅದು ಬಳ್ಳಿ ನಕ್ಷಿ ಇದ್ದಂಗ, ಅಂದಾಜಲೆ ತುಂಬಿದ್ರ ನಡೀತದ ಅಂದ್ಕೊಂಡಿದ್ದೆ. ಅದು ಬರಹ! ಕಲ್ಲು ತೂತು ಕೊರದು ಅಕ್ಷರ ಮಾಡಿ, ಅಕ್ಷರದ ನಡುವಿನ ಸಂದಿಲೆ ಬೆಳಕು ಬರೂವಂಗ ಮಾಡ್ಯಾರ. ಎಐ ಅಕ್ಷರದ ಆಕಾರ ಬರದದ, ಓದಿದ್ರ ಅರ್ಥ ಇಲ್ಲ.

ಅಂಬಾಸಿಡರ್ ಬೆಳಗಾಂವಿ
ನನ್ನ ಗಾಡಿಗೂ ಇದ ಆಗೈತಿ ಈಗ ನೆನಪಾತು. ಅಂಬಾಸಿಡರ್ ಮಂದಿ ಗ್ರಿಲ್ ನೋಡಿ ಮಾರ್ಕ್ ಟೂನೋ ಮಾರ್ಕ್ ಫೋರೋ ಹೇಳ್ತಾರ. ಗ್ರಿಲ್ ಮುಂದ ನಿಂತ ನಾಯಿ ತಗೀ ಅಂತ ಎಐಗೆ ಹೇಳಿದೆ, ನಾಯಿ ಹೋತು, ಗ್ರಿಲ್ ಅರ್ಧ ನಂದು, ಅರ್ಧ ಯಾವ ದೇಶದ್ದೋ. 2014ರಾಗ ಉತ್ತರಪಾಡಾದಾಗ ಅಂಬಾಸಿಡರ್ ಮಾಡೂದು ನಿಲ್ಲಿಸ್ಯಾರ, ಇದು ಅದರ ನಂತರ ಬಂದ ಮಾಡೆಲ್ ಅಂತ ನಮ್ಮ ಮೆಕ್ಯಾನಿಕ್ ನಕ್ಕ.

ಮಿರ್ಚಿ ಭಜಿ
ನಾಯಿ ಬಿಡಬೇಕಿತ್ತು.

ಸುಮ್ನ ನೋಡಾಂವ
ಯೆಜ್ಡಿದೂ ಹಿಂದಿನ ಗಾಲಿ ಸ್ಪೋಕ್ ನೋಡ್ರಿ, ಕಂಬ ತಗದ ಜಾಗದಾಗ ಎರಡ ಸ್ಪೋಕ್ ಒಂದರಾಗೊಂದು ಕೂಡ್ಯಾವ. ಕಿಕ್ಕರ್ ಅರ್ಧ ಕರಗಿ ಹೋಗೇದ. ಯೆಜ್ಡಿದಾಗ ಕಿಕ್ ಹೊಡದು ಅದನ್ನ ಮಡಚಿದ್ರ ಅದ ಗಿಯರ್ ಆಗ್ತದ. ಅಂದ್ರ ಈಗ ಈ ಗಾಡಿ ಚಾಲೂನೂ ಆಗಂಗಿಲ್ಲ, ಗಿಯರೂ ಬೀಳಂಗಿಲ್ಲ.

ರೋಡ್‌ಕಿಂಗ್ ವಿಜಾಪುರ
ಬಿಡ್ರೆಪಾ, ಈ ಫೋಟೋ ಸತ್ತೋತು ಅಂತ ತಿಳ್ಕೋರಿ. ಹೊಸಾದು ಹೊಡೀತೀನಿ. ಆದ್ರ ಹೊತ್ತು ಮುಳುಗೂದು ಬೇಕ ಅನಸಿದ್ರ ಏನ್ ಮಾಡ್ಲಿ?

ರೋಜಾ ಜಾಲಂದ್ರ
ಹೊತ್ತು ಮುಳುಗೂದು ಬೇಕಂದ್ರ ಸ್ಟೇಷನ್ ಕಡೆ ಹೋಗ್ರಿ, ಅದು ಗುಮ್ಮಟದ ಮೂಡಣಕ್ಕ ಅದ, ಸಂಜೀಕ ಅಲ್ಲಿಂದ ನೋಡಿದ್ರ ಗುಮ್ಮಟದ ಹಿಂದ ಖರೇನ ಮುಳುಗತದ, ಆದ್ರ ಗಾಡಿ ಕರ್ರಗ ನೆರಳಾಗಿ ಬರ್ತದ. ಇಲ್ಲಾ ಬಾರಾ ಕಮಾನಿಗೆ ಹೋಗ್ರಿ, ಎರಡನೇ ಅಲಿ ಆದಿಲ್‌ಶಾಹಂದು ಅರ್ಧಕ್ಕ ನಿಂತ ಗೋರಿ, ಮ್ಯಾಲೆ ಮಾಳಗಿ ಇಲ್ಲ, ಕಮಾನಿನ ಒಳಗಿಂದನ ಆಕಾಶ ಕಾಣ್ತದ, ಅಲ್ಲಿ ಆಕಾಶ ಬದಲಿ ಮಾಡೂ ಪಾಳಿನ ಬರಂಗಿಲ್ಲ. ರೋಜಾದಾಗ ಆದ್ರ ಮಸೂತಿ ಪಡುವಣಕ್ಕ, ಗೋರಿ ಮೂಡಣಕ್ಕ, ಎದುರಾಬದುರಾ, ಮುಂಜಾನೆ ಬಿಸಲು ಮಸೂತಿ ಮಾರಿಗೆ, ಸಂಜಿ ಬಿಸಲು ಗೋರಿ ಮಾರಿಗೆ. ಗಾಡಿ ಮಾತ್ರ ಒಳಗ ಬಿಡಂಗಿಲ್ಲ ಮತ್ತ, ಟ್ರೈಪಾಡ್‌ಗೂ ಪುರಾತತ್ವ ಇಲಾಖೆ ಪರವಾನಗಿ ಬೇಕು.

ಗುಮ್ಮಟದ ಮುಂದಿನ ಮಾರಿಗೆ ಬಿಸಲು ಬೇಕಂದ್ರ ಈಗಿನ ದಿನಾನ ಚಲೋ. ಡಿಸೆಂಬರಿನ್ಯಾಗ ಮಧ್ಯಾಹ್ನಕ್ಕೂ ಹೊತ್ತು ದಕ್ಷಿಣಕ್ಕ ಬಾಗಿ 50 ಡಿಗ್ರಿಗೆ ನಿಂತಿರ್ತದ, ದಿನಾ ಪೂರ್ತಿ ಬೆಳಕು. ಜೂನ್‌ದಾಗ ಬಂದ್ರ ನೋಡ್ರಿ, ಹೊತ್ತು ನಮ್ಮ ನೆತ್ತಿ ದಾಟಿ ಒಂದೀಟು ಉತ್ತರಕ್ಕ ಹೋಗಿರ್ತದ, ಮುಂದಿನ ಗೋಡಿ ಮಧ್ಯಾಹ್ನನೂ ನೆರಳಾಗ. ಬ್ಯಾಸಗಿ ರಜಾಕ್ಕ ಬಂದಾವ್ರು ಗುಮ್ಮಟ ಕರ್ರಗ ಬಂತು ಅಂತ ಫೋನಿಗೆ ಬೈತಾರ.

ಮುಳುಗಡಿ ಸ್ಟುಡಿಯೊ
ಕರೇ ಕಲ್ಲು, ಹಿಂದ ಬೆಳ್ಳನ ಆಕಾಶ, ಮುಂದ ಕ್ರೋಮ್, ಈ ಮೂರೂ ಒಂದ ಫೋಟೋದಾಗ ಕುಂದ್ರಸೂದು ತ್ರಾಸ. ರಾ ಫೈಲ್ ಹೊಡಿ, ಅಂದ್ರ ಕ್ಯಾಮೆರಾ ತಾನ ತಿದ್ದಲಾರದ ಕಚ್ಚಾ ಫೈಲ್, ಎಕ್ಸ್‌ಪೋಜರ್ ಆಕಾಶಕ್ಕ ಹಿಡಿ, ಕಲ್ಲು ಕರ್ರಗ ಬಂದ್ರೂ ಹೆದರಬ್ಯಾಡ, ಶ್ಯಾಡೋ ಸ್ವಲ್ಪ ಎತ್ತಿದ್ರ ಬರ್ತೈತಿ. ಸುಟ್ಟು ಬೆಳ್ಳಗಾದ ಆಕಾಶ ಮಾತ್ರ ಯಾವ ದೇವರು ಬಂದ್ರೂ ಬರಂಗಿಲ್ಲ. ಕ್ರೋಮಿನ ತುದ್ಯಾಗ ಒಂದೆರಡು ಚುಕ್ಕಿ ಸುಟ್ರ ಸುಡ್ಲಿ, ಅದು ಹೊಳಪು. ಮತ್ತ ಕ್ಲ್ಯಾರಿಟಿ ಸ್ಲೈಡರ್ ಮುಟ್ಟಬ್ಯಾಡ, ಮುಟ್ಟಿದ್ರೂ ಹತ್ತರ ಮ್ಯಾಲೆ ಹೋಗಬ್ಯಾಡ, ಬೆಳಕು ನೆರಳು ಎರಡೂ ಎಳದು ಕೂಡ್ಸಿ ಮಂದಿ ಹಾಕೂ ಎಚ್‌ಡಿಆರ್ ಫೋಟೋ ನೋಡೀನಿ, ಕಲ್ಲು ಹೊತ್ತಿದ ರೊಟ್ಟಿ ಆಗಿರ್ತೈತಿ, ಗುಮ್ಮಟದ ಸುತ್ತ ಟ್ಯೂಬ್‌ಲೈಟ್ ಸುತ್ತಿದಂಗ ಬೆಳ್ಳನ ಅಂಚು. ಫ್ರೇಮಿಗೆ ಕೊಡೂ ಮೊದಲ ಸಣ್ಣ ಪ್ರಿಂಟ್ ಒಂದು ತಗಸು, ಫೋನಿನ್ಯಾಗ ಬೆಳಕ ಕಂಡದ್ದು ಕಾಗದದ ಮ್ಯಾಲೆ ಮಂಕಾಗ್ತೈತಿ.

ರೋಡ್‌ಕಿಂಗ್ ವಿಜಾಪುರ
ಹೋಗಿ ಬಂದೆರೀ! ಇವತ್ತ ನಸೀಕ್ನ್ಯಾಗ ಎದ್ದು ಹೋದೆ. ದೋಸ್ತನ ಕ್ಯಾಮೆರಾ ಇಸ್ಕೊಂಡೆ, ದೂರಿಂದ ಹೊಡ್ಯೂ 85 ಎಂಎಂ ಲೆನ್ಸ್. ಕರೀ ಅಂಗಿ. ಅಪ್ಪಾರೂ ಬಂದಿದ್ರು, ಸಪ್ರೈಜ್ ಅಂತೂ ಉಳೀಲಿಲ್ಲ ಅದಕ್ಕ ಅವರ ಕೈಯಾಗ ಅವರದ ಧೋತರ ಕೊಟ್ಟು ಹಿಡ್ಸಿದೆ, ಇನ್ನೊಂದ್ ತುದಿ ಟಾಂಗಾದ ಕಾಕಾ ಹಿಡದ್ರು. 20 ಹೆಜ್ಜಿ ಎಣಿಸಿ ಹಿಂದ ಹೋದೆ, ಗುಮ್ಮಟ ಎದ್ದು ಬಂತ್ರೀ ಅಕ್ಕಾ, ಮೈ ಝುಮ್ ಅಂತು. ಆಕಾಶ ಸಪ್ಪಗ ಇತ್ತು, ಸಪ್ಪಗ ಬಿಟ್ಟೀನಿ, ಅದರ ಬೆಳಕು ಒಂದೀಟು ಇಳ್ಸೀನಿ ಅಷ್ಟ. ವಾಯರ್ ಅದಾವ. ಟ್ಯಾಂಕಿನ ತೆಗ್ಗು ನನ್ನ ಕಡೆ ಬರೂವಂಗ ಗಾಡಿ ತಿರುವಿ ನಿಲ್ಲಿಸ್ರಿ ಅಂತ ಅಪ್ಪಾರ ಹೇಳಿದ್ರು, ಮುಂಜಾನೆ ಬಿಸಲು ಅಡ್ಡ ಬಿದ್ದು ಅದ ಎಲ್ಲಾಕಿಂತ ಚಂದ ಬಂದದ. ಗಾಡಿ ಮುಂದ ಒಂದ್ ಪ್ಲಾಸ್ಟಿಕ್ ಚೀಲ ಬಿದ್ದಿತ್ತು, ಹೊಡ್ಯೂ ಮೊದಲ ಎತ್ತಿ ಒಗದೆ.

ಅಂಬಾಸಿಡರ್ ಬೆಳಗಾಂವಿ
ಚೀಲ ಎತ್ತಿದ್ದು ಎಡಿಟ್ ಅಲ್ಲೇನು? ಕಾಕಾ ಹೇಳ್ರಿ ಈಗ.

ಮುಳುಗಡಿ ಸ್ಟುಡಿಯೊ
ಕಸ ಎತ್ತಿದ್ರ ಎಡಿಟ್ ಅಲ್ಲ, ಪುಣ್ಯಾ. ಮಸ್ತ್ ಬಂದೈತಿ ತಮ್ಮಾ. ಮುಂದಿನ ಗಾಲಿ ನಮ್ಮ ಕಡೆ ಹೊಳ್ಳಿಸಿದ್ದೂ ಚಲೋ ಆತು. ಒಂದ ಒಂದು, ಗುಮ್ಮಟದ ಎಡಗಡೆ ಮ್ಯಾಲೆ ಆಕಾಶದಾಗ ಕರೀ ಚುಕ್ಕಿ ಐತಿ, ಸೆನ್ಸರ್ ಮ್ಯಾಲೆ ಧೂಳು ಕುಂತಿರಬೇಕು, ದೋಸ್ತಗ ಹೇಳಿ ಸ್ವಚ್ಛ ಮಾಡಿಸು. ಅದನ್ನ ಬೇಕಾದ್ರ ತಗಿ, ಅದಕ್ಕ ಯಾರೂ ಏನೂ ಅನ್ನಂಗಿಲ್ಲ.

ರೋಡ್‌ಕಿಂಗ್ ವಿಜಾಪುರ
ಝೂಮ್ ಮಾಡಿದೆ ಕಾಕಾ. ಪಾರಿವಾಳ.

ಮುಳುಗಡಿ ಸ್ಟುಡಿಯೊ
ಹಂಗಿದ್ರ ಇರ್ಲಿ ಬಿಡು.